ಅನ್ವರಿ ಬೇಗಂ ತೋರಿಸಿದ ಚೂರು

ಅನ್ವರಿ ಬೇಗಂ ತೀರಿಕೊಂಡು ಆರು ವರ್ಷವಾಯಿತು. ಬೀದರಿನ ಹೊರಗೆ ಕೊಳಾರದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳ ಕೆಲಸದಲ್ಲಿ ನನ್ನ ಪಾಲು ಬ್ಯಾಟರಿಯ ಬೆಳಕು ಹಿಡಿಯುವುದಷ್ಟೇ. ಹದಿನೊಂದು ವರ್ಷ ಹಿಡಿದೆ. ಹಾಗಾಗಿ ಅವಳು ಮಾಡಿದ್ದರಲ್ಲಿ ನಾನು ನೋಡದೆ ಉಳಿದದ್ದು ಕಡಿಮೆ.

ಅವಳು ಮಾಡುತ್ತಿದ್ದುದು ಇದು. ಕಬ್ಬಿಣ ತಿಕ್ಕುವ ಚಕ್ರದ ಮುಂದೆ ನಿಲ್ಲುವವರ ಕಣ್ಣಿಗೆ ಚೂರು ಸಿಡಿಯುತ್ತದೆ. ಆ ಚೂರನ್ನು ಅವಳು ಚುಂಬಕದಿಂದ ತೆಗೆಯುತ್ತಿದ್ದಳು. ಅವಳ ಗಂಡ ಅಬ್ದುಲ ವಾಹೀದ ಬೀದರಿನಲ್ಲಿ ಲೌಡ್‌ಸ್ಪೀಕರ್ ರಿಪೇರಿ ಮಾಡುತ್ತಿದ್ದ. ಒಡೆದ ಒಂದು ಸ್ಪೀಕರಿನ ಹಿಂದಿನ ಚುಂಬಕವನ್ನು ಬಿಚ್ಚಿ, ಅದಕ್ಕೆ ಒಂದು ಮೊಳೆ ಅಂಟಿಸಿ, ಮೊಳೆಯ ತುದಿಯನ್ನು ಎಳ್ಳಿನ ಹಾಗೆ ನುಣ್ಣಗೆ ಮಾಡಿದ. ಚುಂಬಕದ ಗುಣ ಮೊಳೆಗೂ ಬರುತ್ತದೆ. ಮೊದಲು ತನ್ನ ಕಣ್ಣಿನ ಚೂರನ್ನೇ ಹೆಂಡತಿಯ ಕೈಯಿಂದ ತೆಗೆಸಿಕೊಂಡ. ಅವನು ಹೋದ ಮೇಲೆ ಚುಂಬಕ ಉಳಿಯಿತು, ಕೈ ಉಳಿಯಿತು, ಜನ ಬರತೊಡಗಿದರು.

ಬಂದವನನ್ನು ಬಾಗಿಲಿನ ಎದುರು, ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂಡಿಸಬೇಕು. ತಲೆ ಗೋಡೆಗೆ ಆನಿಸಬೇಕು. ಕುದಿಸಿ ಆರಿಸಿದ ನೀರಿನಿಂದ ಕಣ್ಣು ತೊಳೆಯಬೇಕು. ಕಡ್ಡಿಗೆ ತೆಳು ಬಟ್ಟೆ ಸುತ್ತಿ ರೆಪ್ಪೆ ಮಗುಚಬೇಕು. ಬೆಳಕನ್ನು ಎದುರಿನಿಂದ ಬಿಟ್ಟರೆ ಚೂರು ಕಾಣುವುದಿಲ್ಲ, ಪಕ್ಕದಿಂದ ಬಿಟ್ಟರೆ ಅದರ ನೆರಳು ಬೀಳುತ್ತದೆ, ಆಗ ತಿಳಿಯುತ್ತದೆ. ಮೊಳೆಯ ತುದಿ ಕಣ್ಣಿಗೆ ತಾಗುತ್ತಿರಲಿಲ್ಲ. ಎಳ್ಳಿನಷ್ಟು ದೂರದಲ್ಲಿ ನಿಲ್ಲುತ್ತಿತ್ತು. ಚೂರು ತಾನೇ ಎದ್ದು ಬಂದು ತುದಿಗೆ ಕೂಡುತ್ತಿತ್ತು. ಆಳಕ್ಕೆ ಹೋಗಿದ್ದರೆ ಬರುತ್ತಿರಲಿಲ್ಲ. ಬಾರದಿದ್ದರೆ ದವಾಖಾನೆಗೆ ಹೋಗು ಅನ್ನುತ್ತಿದ್ದಳು.

ಬಂದ ಚೂರನ್ನು ಬಿಳಿ ಕಾಗದಕ್ಕೆ ಒಂದು ಹನಿ ಮೇಣದಿಂದ ಹಚ್ಚುತ್ತಿದ್ದಳು. ಆಮೇಲೆ ಆ ಮನುಷ್ಯನ ಚೆನ್ನಾಗಿರುವ ಕಣ್ಣನ್ನು ಅಂಗೈಯಿಂದ ಮುಚ್ಚಿ, ಚೂರು ತೆಗೆದ ಕಣ್ಣಿಗೇ ಕಾಗದ ಹಿಡಿಯುತ್ತಿದ್ದಳು.

"ಕಂಡ್ತೇನು?"

ಕಂಡಿತು ಅಂದ ಮೇಲೇ ಏಳಬೇಕು. ಕಾಗದ ಮಡಚಿ ಅವನ ಕೈಗೇ ಕೊಡುತ್ತಿದ್ದಳು. ಇದಕ್ಕೆ ಕಾರಣವಿತ್ತು. ಚೂರು ಹೋದ ಮೇಲೂ ಗಾಯ ಎರಡು ದಿನ ಚುಚ್ಚುತ್ತದೆ. ಇನ್ನೂ ಒಳಗೇ ಇದೆ ಅಂದುಕೊಂಡು ತಿಕ್ಕಿ ತಿಕ್ಕಿ ಕಣ್ಣು ಕೆಡಿಸಿಕೊಂಡವರಿದ್ದರು. ಕಣ್ಣಾರೆ ನೋಡಿದವನು ತಿಕ್ಕುವುದಿಲ್ಲ. ಅವಳು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅವರು ನಮ್ಮಿಬ್ಬರ ಈಳಿಗೆ, ಚಾಕು ಒಯ್ದು ಚಕ್ರಕ್ಕೆ ಹಿಡಿದು ಹರಿತ ಮಾಡಿಕೊಂಡು ಬರುತ್ತಿದ್ದರು. ನಮ್ಮ ಮನೆಯ ಚಾಕುಗಳು ಯಾವತ್ತೂ ಮೊಂಡಾಗಲಿಲ್ಲ.

ಲಾತೂರಿಗೆ ರೈಲಿನಲ್ಲಿ ನೀರು ತಂದ ಬರಗಾಲ ಗೊತ್ತಿರಬೇಕು. ಅದಕ್ಕೂ ಮುಂಚಿನ ಮಳೆಗಾಲವೂ ಒಣಗಿತ್ತು. ಔರಾದ ಕಡೆಯ ಹಳ್ಳಿಗಳಿಂದ ಗಂಡಸರು ಬಸ್ಸು ತುಂಬಿ ಬಂದರು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ಹೋದರು, ಉಳಿದವರು ಕೊಳಾರದ ಗೇಟುಗಳ ಮುಂದೆ ಕುಳಿತರು. ಭೂಮಿ ಕೆಲಸ ಬಲ್ಲ ಕೈಗಳು. ಚಕ್ರದ ಮುಂದೆ ಹೇಗೆ ನಿಲ್ಲಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲು ತಿಂಗಳಿಗೆ ಮೂರು ಕಣ್ಣು ಬರುತ್ತಿದ್ದವು. ಆ ವರ್ಷ ವಾರಕ್ಕೆ ಏಳೆಂಟು.

ದೀಪಾವಳಿಯ ಮರುವಾರ ಒಂದೇ ದಿನ ಇಬ್ಬರು ಬಂದರು. ಮುಂಜಾನೆ ಬಂದವನು ಮಕ್ಸೂದ. ಓಣಿಯವನೇ, ಬಾಯಿ ಬಹಳ. ಎಲ್ಲರ ಹಾಗೆ ಅವನೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ.

"ಖಾಲಾ, ನಿನ್ನ ಚುಂಬಕ ನನ್ನ ಕಿಸೆ ಕಡಿ ತರಬ್ಯಾಡ. ಇದ್ದ ಒಂದು ರೂಪಾಯಿನೂ ಎಳಕೋತದ."

"ನಿನ್ನ ಕಿಸೆದಾಗ ಜಂಗ್ ಬಿಟ್ರ ಏನೂ ಇಲ್ಲ. ಬಾಯಿ ಮುಚ್ಚು, ಕಣ್ಣು ತೆರಿ."

"ಎರಡೂ ಒಮ್ಮೆಲೆ ಹ್ಯಾಂಗ ಆಗ್ತದ?"

"ಕೌಸಲ್ಯಾ, ಇವನ ಬಾಯಾಗ ಬೆಳಕು ಬಿಡು. ಅಲ್ಲೇ ಏನರೆ ಸಿಗತದ."

ಚೂರು ಒಂದೇ ಸಲಕ್ಕೆ ಬಂತು. ಸಾಸಿವೆಯ ಅರ್ಧದಷ್ಟಿತ್ತು. ಮಕ್ಸೂದ ಅದನ್ನು ನೋಡಿ, ಕಾಗದ ತೆಗೆದುಕೊಳ್ಳದೆ ಎದ್ದ. "ನೀನೇ ಇಟ್ಕೋ ಖಾಲಾ, ನನ್ನ ನೆನಪಿಗಿ" ಅಂದು ಹೋದ. ಅವಳು ಕಾಗದವನ್ನು ಗೋಡೆಯ ಗೂಡಿನಲ್ಲಿಟ್ಟಳು.

ಮಧ್ಯಾಹ್ನ ಮೂರಕ್ಕೆ ಬಂದವನು ಗೋರಖನಾಥ. ಔರಾದ ತಾಲ್ಲೂಕಿನವನು, ಮೂವತ್ತರೊಳಗಿನ ವಯಸ್ಸು, ಮಾತು ಕಡಿಮೆ. ಹೆಂಡತಿ ಕೇಶರಬಾಯಿಯ ಜೊತೆ ನಮ್ಮ ಓಣಿಯ ಕೊನೆಯಲ್ಲಿ ತಗಡಿನ ಕೋಣೆಯಲ್ಲಿದ್ದ.

"ಬಲಗಣ್ಣು ರಿ ಖಾಲಾ. ಚಕ್ರ ಒಡೀತು."

"ಚಷ್ಮಾ ಹಾಕಿದ್ದಿಲ್ಲೇನು?"

"ಐದು ಮಂದಿಗಿ ಒಂದು ಚಷ್ಮಾ ಅದಾ ರಿ. ಇವತ್ತ ನನ್ನ ಪಾಳಿ ಇರಲಿಲ್ಲ."

ಕಣ್ಣಿನ ಬಿಳಿಯ ಭಾಗದಲ್ಲಿ, ಕಿವಿಯ ಕಡೆಗೆ, ಒಂದು ಕೆಂಪು ಚುಕ್ಕೆ ಇತ್ತು. ನಾನು ಪಕ್ಕದಿಂದ ಬೆಳಕು ಬಿಟ್ಟೆ. ನೆರಳು ಬೀಳಲಿಲ್ಲ. ಅವಳು ಮೊಳೆಯ ತುದಿಯನ್ನು ಹದಿಮೂರು ಸಲ ಒಯ್ದಳು. ಏನೂ ಬರಲಿಲ್ಲ.

"ಬರ್ವಲ್ದಪ್ಪ. ಕಣ್ಣಿನ ದವಾಖಾನಿಗಿ ಹೋಗು."

"ಇವತ್ತ ನಾ ಹೋದ್ರ ನಾಳಿಗಿ ನನ್ನ ಜಾಗದಾಗ ಬ್ಯಾರೆ ಮನುಷ್ಯಾ ಇರ್ತಾನ ರಿ. ಗೇಟಿನ ಮುಂದ ಎಷ್ಟು ಮಂದಿ ಕುಂತಾರ, ನೋಡೀರಿಲ್ಲ."

"ಕಣ್ಣು ಹೋದ್ರ?"

"ಮಕ್ಸೂದಂದು ತೆಗದೀರಿ. ನಂದ್ಯಾಕ ತೆಗೀವಲ್ಲರಿ?" ಅಂದು ಕಣ್ಣು ತಿಕ್ಕತೊಡಗಿದ. ಅವಳು ಅವನ ಕೈ ಹಿಡಿದಳು. ಅವನು ಇನ್ನೊಂದು ಕೈಯಿಂದ ತಿಕ್ಕಿದ. ಚುಕ್ಕೆಯ ಸುತ್ತ ರಕ್ತ ಹರಡುತ್ತಿತ್ತು.

ಅವಳು ಮತ್ತೊಂದು ತಂಬಿಗೆ ನೀರು ತಂದು ಪೂರ್ತಿ ಕಣ್ಣಿಗೆ ಬಿಟ್ಟಳು. ಕೆಳಗೆ ಹರಿದ ನೀರನ್ನು ಸ್ವಲ್ಪ ಹೊತ್ತು ನೋಡಿದಳು. "ನೀರಿನ ಜೋಡಿ ಹೋಗಿರಬೇಕು" ಅಂದಳು. ಅದು ಅವನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಅವನು ಮತ್ತೆ ಕೈ ಎತ್ತಿದ. ಅವಳು ತಿರುಗಿ, ಗೂಡಿನಿಂದ ಮಕ್ಸೂದನ ಕಾಗದ ತೆಗೆದು, ಗೋರಖನಾಥನ ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಹಿಡಿದಳು.

"ಕಂಡ್ತೇನು?"

"ಕಂಡ್ತು ರಿ." ಅವನ ಕೈ ಕೆಳಗಿಳಿಯಿತು. "ಇಷ್ಟೇ ಇಷ್ಟು ಇತ್ತೇನು?"

"ಎರಡು ದಿನ ಚುಚ್ಚತದ. ಮುಟ್ಟಬ್ಯಾಡ."

ಅವನು ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋದ. ನನ್ನ ಕೈಯಲ್ಲಿ ಬ್ಯಾಟರಿ ಇನ್ನೂ ಉರಿಯುತ್ತಿತ್ತು.

"ಬಂದ್ ಮಾಡು. ಸೆಲ್ ಹೋಗ್ತಾವ" ಅಂದಳು ಅನ್ವರಿ.

ಅದರ ಬಗ್ಗೆ ನಾವು ಆಡಿದ ಮಾತು ಅಷ್ಟೇ. ಅವನ ಕಣ್ಣು ಆರು ದಿನ ಕೆಂಪಾಗಿತ್ತು, ಏಳನೆಯ ದಿನ ಸರಿಯಾಯಿತು. ಅವನು ಬಂದು ನಮ್ಮ ಎರಡೂ ಈಳಿಗೆ ಒಯ್ದು ಹರಿತ ಮಾಡಿಕೊಟ್ಟ. ನೀರಿನ ಜೊತೆ ಹೋಗಿತ್ತು ಅಂತ ನಾನೂ ನಂಬಿದೆ. ಸಂಕ್ರಾಂತಿಯ ನಂತರ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಗಂಡಹೆಂಡತಿ ಭಾಲ್ಕಿಗೆ, ತೊಗರಿ ಬೇಳೆಯ ಮಿಲ್ಲಿಗೆ ಹೋದರು. ಮಕ್ಸೂದ ಹೈದರಾಬಾದಿಗೆ ಹೋದ.

ಯುಗಾದಿ ಮುಗಿದ ವಾರ ಕೇಶರಬಾಯಿ ಒಬ್ಬಳೇ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಬಂದವಳೇ ಒಂದು ತಂಬಿಗೆ ನೀರು ಕುಡಿದು, ಇನ್ನರ್ಧ ಕೇಳಿ ಕುಡಿದಳು.

"ಇವರಿಗಿ ತಲಿ ಬ್ಯಾನಿ ರಿ ಖಾಲಾ. ಬಲಗೈ ಜೋಮು ಹಿಡೀತದ. ಬೇಳಿ ಚೀಲ ಹಿಡಿದಲ್ಲೇ ಬಿಡ್ತಾರ. ಭಾಲ್ಕಿ ಡಾಕ್ಟರ್ ಬೀದರಿಗಿ ಹೋಗಿ ಎಂಆರ್‌ಐ ಮಾಡಸ್ಕೋರಿ ಅಂತ ಬರಕೊಟ್ಟಾರ. ದೊಡ್ಡ ಚುಂಬಕದ ಮಷೀನಂತ ರಿ. ಮನುಷ್ಯಾನ್ನ ಅದರೊಳಗ ಮಲಗಸ್ತಾರಂತ. ನಾಳಿ ಮುಂಜಾನಿ ಹತ್ತಕ್ಕ ಅದಾ."

ಅನ್ವರಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಇವತ್ತ ಹೆಸರು ಬರಸಲಿಕ್ಕ ಹೋಗಿದ್ದೆವು ರಿ. ಅಲ್ಲಿ ಒಬ್ಬವ ಬಹಳ ಕೇಳಿದ. ಮೈಯಾಗ ಕಬ್ಬಿಣ ಅದಾ ಏನು, ಎಲುಬಿಗಿ ಸಳಿ ಹಾಕ್ಯಾರೇನು, ಕಣ್ಣಾಗ ಚೂರು ಬಿದ್ದಿತ್ತೇನು ಅಂತ. ಬಿದ್ದಿತ್ತು ಅಂದ್ರು ಇವರು. ಅವ ಕಲಂ ಕೆಳಗಿಟ್ಟ. ಒಳಗ ಚೂರು ಇದ್ರ ಆ ಮಷೀನ್ ಅದನ್ನ ಒಳಗೊಳಗೇ ಎಳೀತದಂತ ರಿ, ಕಣ್ಣೇ ಹೋಗ್ತದಂತ. ಆಗ ಇವರು ಕಿಸೆದಾಗಿಂದ ಕಾಗದ ತೆಗದು ತೋರಿಸಿದ್ರು. ನೋಡ್ರಿ ಸಾಹೇಬ್ರ, ಚೂರು ಇಲ್ಲೇ ಅದಾ, ನಮ್ಮ ಖಾಲಾ ತೆಗದಾರ, ಇದೇ ಕಣ್ಣಿಂದ ನೋಡೀನಿ ಅಂದ್ರು. ಹಂಗಾದ್ರ ಅಡ್ಡಿ ಇಲ್ಲ ಅಂತ ಬರಕೊಂಡ." ಅವಳು ನಕ್ಕಳು. "ಮಿಲ್ಲಿನಾಗೂ ಚುಂಬಕ ಅದಾ ರಿ, ಬೇಳಿಯಾಗಿನ ಮೊಳಿ ಹಿಡೀಲಿಕ್ಕ. ನಮ್ಮ ಖಾಲಾನ ತಂಗಿ ಅಂತಾರ ಇವರು ಅದಕ್ಕ."

ಅನ್ವರಿ ಮೊರ ಕೆಳಗಿಟ್ಟಳು. "ಎಷ್ಟು ಗಂಟೆಕ್ಕ ಅಂದಿ?"

"ಹತ್ತಕ್ಕ ರಿ."

ಚಹಾ ಮಾಡಿ ಕೊಟ್ಟಳು. ಕೇಶರಬಾಯಿ ಕುಡಿದು, ಅಷ್ಟೂರಿನಲ್ಲಿ ನಾದಿನಿಯ ಮನೆಯಲ್ಲಿ ಇಳಿದಿದ್ದೇವೆ ಅಂತ ಹೇಳಿ, ನಾಲ್ಕರ ಹೊತ್ತಿಗೆ ಹೋದಳು. ಅವಳು ಹೋಗುವ ತನಕ ನಾನು ಅನ್ವರಿಯ ಬಾಯಿ ನೋಡುತ್ತಿದ್ದೆ. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಫೋನ್ ಹಚ್ಚೋಣೇನು?" ಅಂದೆ.

"ಏನಂತ?"

"ಇದ್ದದ್ದು."

"ಇದ್ದದ್ದು ನಿನಗೂ ಗೊತ್ತಿತ್ತು. ಬೆಳಕು ನಿನ್ನ ಕೈಯಾಗೇ ಇತ್ತು. ಐದು ತಿಂಗಳು ನೀ ಯಾಕ ಅನಲಿಲ್ಲ?"

ನಾನು ಅವಳ ಮೊರ ತೆಗೆದುಕೊಂಡು ಉಳಿದ ಅಕ್ಕಿ ಹಸನು ಮಾಡಿದೆ.

ಸಂಜೆ ಅವಳು ಚುಂಬಕಕ್ಕೆ ಮೆತ್ತಿದ್ದ ಕಬ್ಬಿಣದ ಪುಡಿಯನ್ನು ಒರೆಸಿ ಕಾಗದದ ಮೇಲೆ ಉದುರಿಸಿದಳು. ಚುಂಬಕವನ್ನು ಕಾಗದದ ಕೆಳಗೆ ಹಿಡಿದಳು. ಪುಡಿ ಎದ್ದು ನಿಂತಿತು. ಚುಂಬಕ ಸರಿಸಿದಳು. ಪುಡಿ ಎದ್ದಂತೆಯೇ ತಿರುಗಿ, ಅದರ ಹಿಂದೆಯೇ ಹೋಯಿತು. ಕಾಗದದ ಮೇಲೆ ಸಣ್ಣ ಗೀರು ಬಿದ್ದಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ರೊಟ್ಟಿ ಉಂಡಿ ಅಷ್ಟು ಅದಾ," ಅಂದಳು. "ಅದು ಮನುಷ್ಯಾ ಮಲಗುವಷ್ಟು ದೊಡ್ಡದಂತ."

ಮರುದಿನ ಎಂಟೂವರೆಗೆ ಬುರ್ಖಾ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು. "ನಡಿ" ಅಂದಳು. ಚುಂಬಕವನ್ನು ಮನೆಯಲ್ಲೇ ಬಿಟ್ಟಿದ್ದಳು. ಆಟೊ ಸಿಕ್ಕಿತು, ಆದರೆ ದಾರಿಯಲ್ಲಿ ನೀರಿನ ಟ್ಯಾಂಕರು ನಿಂತು ಕೊಡಗಳ ಸಾಲು ರಸ್ತೆಗೆ ಅಡ್ಡಲಾಗಿತ್ತು. ಆಟೊದವನು ಹಾರ್ನ್ ಹೊಡೆದ. ಕೊಡ ಹಿಡಿದವರು ಯಾರೂ ಜಾಗ ಬಿಡಲಿಲ್ಲ, ಬಿಟ್ಟರೆ ಪಾಳಿ ಹೋಗುತ್ತದೆ. ನಾವು ಇಳಿದು ನಡೆದೆವು. ದವಾಖಾನೆ ಮುಟ್ಟಿದಾಗ ಹತ್ತು ಗಂಟೆಯ ಮೇಲೆ ಹತ್ತು ನಿಮಿಷವಾಗಿತ್ತು.

ಬಾಗಿಲ ಮೇಲೆ ಚಿತ್ರಗಳಿದ್ದವು. ಕೀಲಿಕೈ, ಗಡಿಯಾರ, ಕತ್ತರಿ, ಎಲ್ಲದರ ಮೇಲೂ ಕೆಂಪು ಗೀಟು. ನಾನು ಅಕ್ಷರ ಕೂಡಿಸಿ ಓದಿದೆ. ಲೋಹದ ವಸ್ತು ಒಳಗೆ ತರಬಾರದು. ಕೇಶರಬಾಯಿ ಬೆಂಚಿನ ಮೇಲೆ ಕುಳಿತಿದ್ದಳು. ಅವಳ ಉಡಿಯಲ್ಲಿ ಗಂಡನ ಬೆಲ್ಟು, ಉಡದಾರ, ತಾಯಿತ, ಅಂಗಿ ಇದ್ದವು.

"ಒಳಗ ಕರದ್ರು ರಿ" ಅಂದಳು.

ಅನ್ವರಿ ನಿಲ್ಲದೆ ಬಾಗಿಲು ತಳ್ಳಿದಳು. ಮಷೀನು ನೋಡಿಕೊಳ್ಳುವ ಹುದ್ದೆಯ ಜಹೀರೋದ್ದೀನ ಅನ್ನುವವನು ಅಡ್ಡ ಬಂದ. ಅವನ ಹೆಸರು ಅಂಗಿಯ ಮೇಲೆ ಬರೆದಿತ್ತು.

"ಅಮ್ಮಾ, ಒಳಗ ಬರಬ್ಯಾಡ್ರಿ. ನಿಮ್ಮ ಬುರ್ಖಾದಾಗ ಪಿನ್ ಅದಾ."

"ಅವನ ಕಣ್ಣಾಗ ಅದಾ."

"ಏನದಾ ರಿ?"

"ಚೂರು. ನಾ ತೆಗದಿಲ್ಲ. ತೆಗದೀನಂತ ತೋರಿಸಿದೆ."

ಜಹೀರೋದ್ದೀನ ಅವಳನ್ನು ನೋಡಿದ. ಆಮೇಲೆ ಒಳಗಿನವರಿಗೆ ನಿಲ್ಲಿಸಿರಿ ಅಂದ. ಗೋರಖನಾಥ ಇನ್ನೂ ಹೊರಕೋಣೆಯಲ್ಲೇ ಇದ್ದ, ಅವರು ಕೊಟ್ಟ ಹಸಿರು ಬಟ್ಟೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಒಳಬಾಗಿಲಿನ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಖಾಲಾನನ್ನು ನೋಡಿ ಎದ್ದು ನಿಂತ.

"ನೀವ್ಯಾಕ ಬರಲಿಕ್ಕ ಹೋದ್ರಿ? ಬಿಸಿಲು ಎಷ್ಟದಾ."

"ಗೋರಖನಾಥ, ಆ ದಿನ ನಿನ್ನ ಕಣ್ಣಾಗಿಂದ ಏನೂ ಬಂದಿಲ್ಲ."

"ಬಂದಿತ್ತಲ್ಲ ರಿ. ನಾ ನೋಡೀನಿ."

"ನೀ ನೋಡಿದ್ದು ನಿಂದಲ್ಲ."

ಅವನು ನನ್ನ ಕಡೆ ನೋಡಿದ. "ಆಯಿ?"

"ಹೌದು" ಅಂದೆ. "ಹದಿಮೂರು ಸಲ ಒಯ್ದಳು. ಬರಲಿಲ್ಲ."

ಅವನು ಮತ್ತೆ ಕುಳಿತ. ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯಬೇಕು ಅಂದ ಜಹೀರೋದ್ದೀನ, ಅವನನ್ನು ಬೇರೆ ಕೋಣೆಗೆ ಕಳಿಸಿದ. ನಿನ್ನೆಯೇ ತೆಗೆಸಬೇಕಾಗಿತ್ತು, ಕಾಗದ ನೋಡಿ ಒಪ್ಪಿದ್ದು ತಪ್ಪಾಯಿತು ಅಂತಲೂ ಅಂದ. ನಾವು ಮೂವರು ಹೆಂಗಸರು ಬೆಂಚಿನ ಮೇಲೆ ಕುಳಿತೆವು. ಕೇಶರಬಾಯಿ ಉಡದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಜಹೀರೋದ್ದೀನ ನೀರು ತಂದುಕೊಟ್ಟ. "ಅಮ್ಮಾ, ನೀವು ಚುಂಬಕದಿಂದ ಎಷ್ಟು ವರ್ಷಾತು ಈ ಕೆಲಸ ಮಾಡ್ಲತ್ತು?"

"ಗಂಡ ಹೋದ ಮ್ಯಾಲಿಂದ."

"ದೊಡ್ಡ ಊರಾಗ ಈಗ ಬ್ಯಾರೇನೇ ಕಲೀಲತ್ತಾರ ರಿ. ಕಬ್ಬಿಣ ಹಿಟ್ಟಿಗಿಂತ ಸಣ್ಣ ಮಾಡಿ, ಕರಿ ಎಣ್ಣಿಯಂಗ ನೀರು ಮಾಡಿ, ಔಷಧದ ಜೋಡಿ ರಕ್ತದಾಗ ಬಿಡೋದು. ಹೊರಗಿಂದ ಚುಂಬಕ ಹಿಡಿದು ಕ್ಯಾನ್ಸರ್ ಗಂಟು ಇದ್ದಲ್ಲೇ ಒಯ್ದು ನಿಲ್ಲಸೋದು. ಇನ್ನೂ ಪೂರಾ ಆಗಿಲ್ಲ, ನೋಡ್ಲತ್ತಾರ."

"ಒಳಗ ಬಿಡ್ತಾರ?"

"ಹೌದ್ರಿ."

"ನಾ ಬರೇ ಹೊರಗ ತೆಗದೀನಿ" ಅಂದಳು ಅನ್ವರಿ. ಆಮೇಲೆ ಕೇಳಿದಳು, "ಅವರಿಗಿ ಅದು ಎಲ್ಲಿ ನಿಂತದಂತ ಹ್ಯಾಂಗ ಗೊತ್ತಾಗ್ತದ?"

"ಫೋಟೊ ತೆಗದು ನೋಡ್ತಾರ ರಿ."

"ನೋಡ್ತಾರ" ಅಂದಳು.

ಎಕ್ಸ್‌ರೇ ಬಂತು. ಬೆಳಕಿಗೆ ಹಿಡಿದು ಅವನು ನಮಗೂ ತೋರಿಸಿದ. ಬಲಗಣ್ಣಿನ ಗುಳಿಯಲ್ಲಿ, ಕಿವಿಯ ಕಡೆಗೆ, ಒಂದು ಬಿಳಿ ಚುಕ್ಕೆ. ಎಳ್ಳಿಗಿಂತ ಸಣ್ಣದು. ಬುರ್ಖಾದ ಒಳಗಿಂದ ಅನ್ವರಿ ಕೈ ಹೊರಗೆ ತೆಗೆದು ತನ್ನ ಎಡಗಣ್ಣು ಮುಚ್ಚಿ ನೋಡಿದಳು, ಬಲಗಣ್ಣು ಮುಚ್ಚಿ ನೋಡಿದಳು.

"ಕಂಡ್ತು" ಅಂದಳು.

ಚುಂಬಕದ ಮಷೀನಿನಲ್ಲಿ ಮಲಗಿಸಲಿಲ್ಲ. ಚುಂಬಕವಿಲ್ಲದ ಇನ್ನೊಂದು ಸ್ಕ್ಯಾನಿಗೆ ಬರೆದುಕೊಟ್ಟರು, ಕಣ್ಣಿನ ಡಾಕ್ಟರಿಗೂ ಬರೆದುಕೊಟ್ಟರು. ಗೋರಖನಾಥ ಅಂಗಿ ಹಾಕಿಕೊಂಡ. ಗುಂಡಿ ಹಾಕಲು ಬಲಗೈ ಬರಲಿಲ್ಲ, ಕೇಶರಬಾಯಿ ಹಾಕಿದಳು. ಅವನು ಕಿಸೆಯಿಂದ ಕಾಗದ ತೆಗೆದು ಬಿಚ್ಚಿದ. ಮಡಿಕೆಗಳಲ್ಲಿ ಹರಿದಿತ್ತು. ಮೇಣದಲ್ಲಿ ಚೂರು ಹಾಗೇ ಇತ್ತು, ಸುತ್ತ ಜಂಗಿನ ಕಂದು ಹರಡಿತ್ತು.

"ಹಂಗಾದ್ರ ಇದು ಯಾರದು ರಿ ಖಾಲಾ?"

"ಮಕ್ಸೂದಂದು."

"ಮಕ್ಸೂದಂದು" ಅಂದ ಅವನು. "ಐದು ತಿಂಗಳು ನಾ ಮಕ್ಸೂದಂದು ಇಟ್ಕೊಂಡು ತಿರಗೀನಿ." ಅದನ್ನು ಎಲ್ಲಿಡಬೇಕು ಅಂತ ಅವನಿಗೆ ತಿಳಿಯಲಿಲ್ಲ. ಕಿಸೆಯ ಕಡೆ ಒಯ್ದ, ಮತ್ತೆ ಹೊರಗೆ ತಂದ.

"ಕೊಡು ಇಲ್ಲಿ" ಅಂದಳು ಅನ್ವರಿ. ತೆಗೆದುಕೊಂಡಳು.

ಅವನ ತಲೆಯಲ್ಲಿ ಸಣ್ಣ ಗಂಟು ಸಿಕ್ಕಿತು, ಮಾತ್ರೆಗೆ ಕರಗುವಂಥದ್ದು. ಕಣ್ಣಿನ ಚೂರನ್ನು ಡಾಕ್ಟರು ಬಿಳಿಯ ಭಾಗದ ಮೇಲಿನ ಪೊರೆ ಕೊಯ್ದು ತೆಗೆದರು. ಕಣ್ಣು ಉಳಿಯಿತು. ಇದನ್ನು ಹೇಳಲು ಎರಡು ತಿಂಗಳ ಮೇಲೆ ಕೇಶರಬಾಯಿ ಒಬ್ಬಳೇ ಬಂದಳು. ಚಹಾ ಕುಡಿದಳು. ಇವರು ಬರ್ತೀನಿ ಅಂದಿದ್ದರು, ಮಿಲ್ಲಿನಲ್ಲಿ ರಜೆ ಸಿಗಲಿಲ್ಲ ಅಂದಳು. ಗೋರಖನಾಥ ಆಮೇಲೆ ನಮ್ಮ ಓಣಿಗೆ ಬರಲಿಲ್ಲ.

ಆ ವರ್ಷ ಶ್ರಾವಣಕ್ಕೆ ಮುಂಚೆ ಒಬ್ಬ ಹೊಸಬ ಬಂದ. ಅವನೂ ಔರಾದ ಕಡೆಯವನೇ, ಎಡಗಣ್ಣು. ಅನ್ವರಿ ತೊಳೆದಳು, ರೆಪ್ಪೆ ಮಗುಚಿದಳು, ತುದಿ ಒಯ್ದಳು. ಏನೂ ಬರಲಿಲ್ಲ. ಅವಳು ಮೊಳೆಯ ತುದಿಯನ್ನು ಬಿಳಿ ಕಾಗದಕ್ಕೆ ಒರೆಸಿ, ಅವನ ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಕಾಗದ ಹಿಡಿದಳು.

"ಕಂಡ್ತೇನು?"

"ಏನೂ ಇಲ್ಲಲ್ಲ ರಿ."

"ಅದೇ ನೋಡು. ಬಂದಿಲ್ಲ. ಒಳಗೇ ಅದಾ. ದವಾಖಾನಿಗಿ ಹೋಗು."

"ಇದನ್ನ ಹೇಳಲಿಕ್ಕ ಇಷ್ಟೊತ್ತು ಕುಂಡ್ರಿಸಿದೇನು ಮುದುಕಿ?"

"ಹೌದು. ಕೌಸಲ್ಯಾ, ಇವನ ಜೋಡಿ ಹೋಗು. ಬಾಗಲ ತನಕ ಬಿಟ್ಟು ಬಾ."

ಖಾಲಿ ಕಾಗದವನ್ನೇ ಮಡಚಿ ಅವನ ಕೈಗೆ ಕೊಟ್ಟಳು. ಅವನು ಮೂಲೆ ತಿರುಗುವ ಮುಂಚೆ ಅದನ್ನು ಎಸೆದ. ನಾನು ಅವನ ಹಿಂದೆ ನಡೆದು ದವಾಖಾನೆಯ ಚೀಟಿ ಮಾಡಿಸಿ ಬಂದೆ.

ಬರುವವರು ಕಡಿಮೆಯಾದರು. ಖಾಲಾನ ಕೈಗುಣ ಹೋಯಿತು ಅಂದರು. ಅವಳು ಮುಂದಿನ ಮೂರು ವರ್ಷವೂ ಹಾಗೇ ಮಾಡಿದಳು, ಬಂದದ್ದಕ್ಕೆ ಚೂರಿನ ಕಾಗದ, ಬಾರದ್ದಕ್ಕೆ ಖಾಲಿ ಕಾಗದ. ಖಾಲಿ ಕಾಗದ ಕೊಟ್ಟದ್ದು ಹತ್ತೊಂಬತ್ತು ಮಂದಿಗೆ. ಹದಿನಾರು ಮಂದಿಯನ್ನು ನಾನೇ ದವಾಖಾನೆಯ ಬಾಗಿಲ ತನಕ ಬಿಟ್ಟೆ. ಉಳಿದ ಮೂವರು ನನ್ನ ಜೊತೆ ಬರಲಿಲ್ಲ. ಅವರು ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ.